ಕಂಡಿಕೆಯ ಲೆಕ್ಕ

ಮಾರುವವರು ಸರಕಿನ ಬೆಲೆ ಹೇಳುವಾಗ ಎಷ್ಟನ್ನು ಬಿಚ್ಚಿ ಹೇಳಬೇಕು? ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕೋ, ಕೊಳ್ಳುವವರಿಗೆ ಕೇಳಬೇಕೆಂದೇ ಹೊಳೆಯದ ಸಂಗತಿಯನ್ನೂ ಮುಂದಿಡಬೇಕೋ? ಮುಚ್ಚಿಟ್ಟ ಖರ್ಚು ಸುಳ್ಳಿಗೆ ಸಮವೇ? ಅಣ್ಣನ ಮಗಳು ಇಳಕಲ್ಲ ಸೀರೆಯ ಆನ್‌ಲೈನ್ ಅಂಗಡಿ ತೆರೆಯಲು ಹೊರಟು, ಖರ್ಚಿನ ಪಟ್ಟಿ ಹಾಕಿಕೊಡು ಎಂದು ನನ್ನ ಮುಂದೆ ನೋಟ್‌ಬುಕ್ ತಂದಿಟ್ಟಳು. ಅವತ್ತಿನಿಂದ ಈ ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ವ್ಯಾಪಾರದ ಲೆಕ್ಕವೆಂದು ಶುರುವಾದದ್ದು ಧರ್ಮದ ಲೆಕ್ಕವಾಗಿ ನಿಂತಿದೆ.

ನಾನು ನೇಕಾರರ ಮನೆಯವಳು. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಅವ್ವನೂ ನಾನೂ ರಾಟಿಯ ಮುಂದೆ ಕೂತು ಲಾಳಿಗೆ ಬೇಕಾದ ಕಂಡಿಕೆ ಸುತ್ತುತ್ತಿದ್ದೆವು. ಮುಂದೆ ಓದಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ, ಈಗ ನಿವೃತ್ತಳು. ಅಣ್ಣ ಮಗ್ಗ ಬಿಡಲಿಲ್ಲ. ಅವನ ಮಗಳು ಬಿ.ಕಾಂ. ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಊರಿಗೆ ಮರಳಿದ್ದಾಳೆ. ಅಪ್ಪನ ಮಗ್ಗದ ಸೀರೆಯನ್ನು, ಜೊತೆಗೆ ಓಣಿಯ ಇನ್ನೂ ಕೆಲವು ಮಗ್ಗಗಳ ಸೀರೆಯನ್ನು ಉಡುವವರ ಮನೆಗೇ ನೇರವಾಗಿ ಮುಟ್ಟಿಸಬೇಕೆಂಬುದು ಅವಳ ಹಟ.

ಫೋನೊಂದಿದ್ದರೆ ಸಾಕು, ಅಂಗಡಿಗೆ ಬೇರೆ ಖರ್ಚೇ ಇಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರು. ಬಾಡಿಗೆ ಕೋಣೆ ಬೇಡ, ಗಾದಿ ಬೇಡ, ಗಾಜಿನ ಕಪಾಟು ಬೇಡ ಎಂಬುದು ನಿಜ. ಆದರೆ ಪಟ್ಟಿ ಬರೆಯುತ್ತ ಹೋದರೆ ಪುಟ ತುಂಬಿತು. ವೆಬ್ ವಿಳಾಸಕ್ಕೆ ವರ್ಷಕ್ಕೆ ಸಾವಿರದ ಆಸುಪಾಸು. ಅಂಗಡಿಯ ಪುಟಗಳನ್ನು ನಡೆಸುವ ಸಾಫ್ಟ್‌ವೇರಿಗೆ ತಿಂಗಳ ಬಾಡಿಗೆ. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಬೇಕೆಂದರೆ ಸಣ್ಣವರಿಗೆ ಅರ್ಜಿಯೊಂದಕ್ಕೆ 4,500 ರೂಪಾಯಿ. ಅದನ್ನು ಸದ್ಯಕ್ಕೆ ಕೈಬಿಟ್ಟೆವು. ಜಿಎಸ್‌ಟಿ ನೋಂದಣಿಗೆ ಸರ್ಕಾರ ಶುಲ್ಕ ಕೇಳುವುದಿಲ್ಲ, ಆದರೆ ರಿಟರ್ನ್ ತುಂಬಿಕೊಡುವವರು ಕೇಳುತ್ತಾರೆ. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳಿಗೆ 2023ರ ಅಕ್ಟೋಬರ್ 1ರಿಂದ ಮಾರುಕಟ್ಟೆ ಆ್ಯಪ್‌ಗಳಲ್ಲೂ ನೋಂದಣಿಯಿಂದ ವಿನಾಯಿತಿ ಇದೆ. ಆದರೆ ಇಳಕಲ್ಲ ಸೀರೆಯನ್ನು ಮೊದಲಿಂದಲೂ ಪ್ರೀತಿಯಿಂದ ಉಟ್ಟವರಲ್ಲಿ ಮಹಾರಾಷ್ಟ್ರದ ಹೆಣ್ಣುಮಕ್ಕಳು ಬಹಳ. ಆ್ಯಪ್ ಮೂಲಕ ಗಡಿ ದಾಟಿಸುವುದಾದರೆ ಮೊದಲ ಸೀರೆಯಿಂದಲೇ ನೋಂದಣಿ ಬೇಕು.

ಇನ್ನು ಡಬ್ಬಿಯ ಸಂಗತಿ. ಕೊರಿಯರಿನವರು ತೂಕ ನೋಡುವಂತೆ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ, ಬಂದ ಸಂಖ್ಯೆ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ ಹಾಕುತ್ತಾರೆ. ಅವಳು ಆರಿಸಿದ್ದ ಚೆಂದದ ಡಬ್ಬಿ 35, 28, 6 ಸೆಂಟಿಮೀಟರಿನದು. ಅರ್ಧ ಕಿಲೋದ ಸೀರೆಗೆ ಒಂದು ಕಿಲೋ ಮೀರಿದ ಬಾಡಿಗೆ. ಚಪ್ಪಟೆ ಡಬ್ಬಿಗೆ ಬದಲಿಸಿದೆವು.

ಎಲ್ಲವನ್ನೂ ಒಂದು ಹತ್ತಿ-ರೇಷ್ಮೆ ಸೀರೆಯ ಮೇಲೆ ಹಂಚಿ ನೋಡಿದೆ. ಗಿರಾಕಿ ಕೊಡುವುದು ಒಟ್ಟು 3,200 ರೂಪಾಯಿ ಎಂದಿಟ್ಟುಕೊಳ್ಳಿ, ತಿಂಗಳಿಗೆ ಇಪ್ಪತ್ತು ಸೀರೆ ಹೋಗುತ್ತವೆಂದು ಅಂದಾಜು ಮಾಡಿ. ನೂಲು ಮತ್ತು ಬಣ್ಣ 950. ನೇಕಾರನ ಮಜೂರಿ 800. ಶೇಕಡಾ 5ರ ಜಿಎಸ್‌ಟಿ 152. ಹಣ ದಾಟಿಸಿಕೊಡುವ ಕಂಪನಿಗೆ ನೂರಕ್ಕೆ ಎರಡು, ಅದರ ಮೇಲೆ ಶೇಕಡಾ 18 ತೆರಿಗೆ, ಸೇರಿ ಸುಮಾರು 75. ಕೊರಿಯರ್ 110. ಡಬ್ಬಿ 45. ಫೋಟೊ 120. ಸಾಫ್ಟ್‌ವೇರ್ ಬಾಡಿಗೆ, ವೆಬ್ ವಿಳಾಸ, ರಿಟರ್ನ್ ತುಂಬುವವರ ಹಣ ಸೇರಿ ಸೀರೆಗೆ 145. ವಾಪಸ್ ಬರುವ ಸೀರೆಗಳ ನಷ್ಟಕ್ಕೆಂದು 120 ತೆಗೆದಿಡಬೇಕು. ಫೋನಿನ ಪರದೆಯ ಮೇಲೆ ಜಾಹೀರಾತು ತೋರಿಸಲು 350. ಇವೆಲ್ಲ ಕಳೆದರೆ ಅಂಗಡಿ ನಡೆಸುವವಳಿಗೆ ಉಳಿಯುವುದು 333.

ಫೋಟೊದ ಖರ್ಚು ಕಡಿಮೆ ಮಾಡಬಾರದೇ ಎಂದು ಬೇರೆ ಊರಿನವರು ಕೇಳಬಹುದು. ನಮ್ಮ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು; ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಹೀಗಾಗಿ ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಒಂದೇ ಹಾಸಿನಲ್ಲಿ ಹತ್ತಾರು ಸೀರೆ ಇಳಿಸುವ ಕಸುಬು ಇದಲ್ಲ. ಒಂದರ ಫೋಟೊ ತೋರಿಸಿ ಇನ್ನೊಂದನ್ನು ಕಳಿಸಿದರೆ ಬಣ್ಣದಲ್ಲೋ ದಡಿಯಲ್ಲೋ ತುಸು ಬೇರೆಯೇ ಹೋಗುತ್ತದೆ. ಸೀರೆಗೊಂದು ಫೋಟೊ ಬೇಕೇ ಬೇಕು.

ನಮ್ಮಿಬ್ಬರ ನಡುವೆ ಮೊದಲ ವಾದ ಎದ್ದದ್ದು ಕೊರಿಯರಿನ 110 ರೂಪಾಯಿ ಮೇಲೆ. "ಸೀರಿಗೆ 3,090, ಕಳಸೂದಕ್ಕ 110 ಅಂತ ಎರಡು ಸಾಲು ಬರದ್ರ ಗಿರಾಕಿ ಅಲ್ಲಿಂದಲೇ ಓಡ್ತಾರ, ಅತ್ಯಾ. 3,200 ಅಂತ ಒಂದೇ ಸಾಲು ಬರದು, ಕಳಸೂದು ಫ್ರೀ ಅನ್ನೋಣು. ರೊಕ್ಕ ಅಷ್ಟೇ ಅಲ್ಲ?" ಎಂದಳು. ಗಣಿತದಲ್ಲಿ ಅವಳ ಮಾತು ಸರಿ. ಮೊತ್ತ ಬದಲಾಗದಿದ್ದರೆ ಮೋಸವೆಲ್ಲಿ? ಗಿರಾಕಿಯ ಒಂದು ರೂಪಾಯಿಯೂ ಹೆಚ್ಚಿಗೆ ಹೋಗಿಲ್ಲ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ, ಆದರೆ ಒಪ್ಪಿಗೆಯೂ ಬರಲಿಲ್ಲ.

ಆಗ ನೆನಪಾದವನು ತುಲಾಧಾರ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಕಾಶಿಯ ವ್ಯಾಪಾರಿ. ಜಾಜಲಿ ಎಂಬ ತಪಸ್ವಿ ಅಲುಗಾಡದೆ ನಿಂತು ತಪಸ್ಸು ಮಾಡುತ್ತಾನೆ. ಅವನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ ಹಾರಿಹೋಗುತ್ತವೆ. ತನಗೆ ಧರ್ಮ ಸಿದ್ಧಿಸಿತೆಂದು ಅವನು ಹೆಮ್ಮೆಪಟ್ಟಾಗ, ಕಾಶಿಯ ತುಲಾಧಾರನಿಗೆ ನೀನು ಸಮನಲ್ಲ ಎಂಬ ಮಾತು ಆಕಾಶದಿಂದ ಕೇಳುತ್ತದೆ. ಹೋಗಿ ನೋಡಿದರೆ ಆತ ಅಂಗಡಿಯಲ್ಲಿ ಕೂತು ಸರಕು ತೂಗಿಕೊಡುತ್ತಿದ್ದಾನೆ. ಋಷಿಗೆ ಧರ್ಮ ಹೇಳುವವನು ತಕ್ಕಡಿ ಹಿಡಿದವನು. ಈ ಕತೆಯನ್ನು ಸಾಮಾನ್ಯವಾಗಿ ತಪಸ್ಸಿನ ಗರ್ವ ಮುರಿದ ಕತೆಯೆಂದು ಹೇಳಿ ಮುಗಿಸುತ್ತಾರೆ. ನನ್ನ ಮನಸ್ಸು ನಿಂತದ್ದು ಬೇರೆ ಕಡೆ. ತುಲಾಧಾರ ತಾನೇ ಬೆಳೆದದ್ದನ್ನು ಮಾರುತ್ತಿರಲಿಲ್ಲ. ಬೇರೆಯವರ ಕೈಯಿಂದ ಕೊಂಡು, ಕಪಟವಿಲ್ಲದೆ ಮತ್ತೆ ಮಾರುವವನು. ಅವನೂ ನಡುವಿನವನೇ. ನಡುವೆ ನಿಲ್ಲುವುದೇ ಪಾಪವೆಂದು ಮಹಾಭಾರತ ಹೇಳುತ್ತಿಲ್ಲ. ಎಲ್ಲರ ಮೇಲೂ ತನ್ನ ತಕ್ಕಡಿ ಸಮ ಎಂಬುದು ಅವನ ಮಾತಿನ ತಿರುಳು. ಆ ಎಲ್ಲರಲ್ಲಿ ಎದುರು ನಿಂತು ಕೊಳ್ಳುವವನೊಬ್ಬನೇ ಇಲ್ಲ, ಸರಕು ಮಾಡಿಕೊಟ್ಟು ಮನೆಗೆ ಹೋದವನೂ ಇದ್ದಾನೆ.

ಇಲ್ಲಿಂದ ನನಗೆ ದಾರಿ ಕಂಡಿತು. ಕಳಿಸುವುದು ಫ್ರೀ ಎಂದು ಬರೆದರೆ ಇವತ್ತಿನ ಗಿರಾಕಿಗೆ ಹಣದ ನಷ್ಟವಿಲ್ಲ, ಒಪ್ಪುತ್ತೇನೆ. ಆದರೆ ಒಂದು ದೂರವನ್ನು ದಾಟಿಸುವ ಕೆಲಸಕ್ಕೆ ಬೆಲೆಯೇ ಇಲ್ಲವೆಂಬ ನಂಬಿಕೆ ಅವರಲ್ಲಿ ಬೇರೂರುತ್ತದೆ. ನಾಳೆ ಕೊರಿಯರಿನ ದರ ಏರಿದಾಗ ಗಿರಾಕಿಯ ಮುಂದೆ ಅದನ್ನು ಹೇಳುವ ಬಾಯಿ ನಮಗೆ ಇರುವುದಿಲ್ಲ. ಆಗ ಏರಿದ ಇಪ್ಪತ್ತು ರೂಪಾಯಿ ಎಲ್ಲಿಂದ ಬರಬೇಕು? ನೂಲಿನವನು ಬಿಡುವುದಿಲ್ಲ, ತೆರಿಗೆ ಬಿಡುವುದಿಲ್ಲ, ಸಾಫ್ಟ್‌ವೇರಿನ ಬಾಡಿಗೆ ಇಳಿಯುವುದಿಲ್ಲ. ಇಡೀ ಪಟ್ಟಿಯಲ್ಲಿ ಚೌಕಾಸಿಗೆ ಬಗ್ಗುವ ಸಾಲು ಒಂದೇ ಒಂದು, ಮಜೂರಿ. ಹೀಗೆ ಒಬ್ಬರಿಗೆ ಫ್ರೀ ಎಂದು ಕಂಡದ್ದನ್ನು ಮಗ್ಗದಲ್ಲಿ ಕೂತವನು, ತಾನು ಕೊಡುತ್ತಿದ್ದೇನೆಂದು ಗೊತ್ತೇ ಆಗದೆ ಕೊಟ್ಟಿರುತ್ತಾನೆ.

ನಮ್ಮ ನೆಲದಲ್ಲಿ ಹಣ ಪಡೆಯದೆ ಕೊಡುವ ದೊಡ್ಡ ಪರಂಪರೆಯಿದೆ, ದಾಸೋಹ. ಆದ್ದರಿಂದ ಈ ಫ್ರೀಯನ್ನೂ ದಾಸೋಹವನ್ನೂ ಒಂದೇ ಎಂದು ತಿಳಿಯುವ ಅಪಾಯವೂ ಇದೆ. ನೇಕಾರರ ಮನೆಗಳಲ್ಲಿ ಜೇಡರ ದಾಸಿಮಯ್ಯನ ಕತೆ ಗೊತ್ತಿಲ್ಲದವರಿಲ್ಲ. ಮುದನೂರಿನ ದಾಸಿಮಯ್ಯ ಕಷ್ಟಪಟ್ಟು ನೇಯ್ದ ಬಟ್ಟೆಯನ್ನು ಸಂತೆಗೆ ಒಯ್ದು, ಮಾರಾಟವಾಗದೆ ಹಿಂತಿರುಗುವಾಗ ಮುದಿ ಜಂಗಮನ ವೇಷದ ಶಿವ ಎದುರಾಗಿ ಅದನ್ನು ಬೇಡುತ್ತಾನೆ. ದಾಸಿಮಯ್ಯ ಕೊಡುತ್ತಾನೆ. ಜಂಗಮ ಅದನ್ನು ಅಲ್ಲೇ ಹರಿದು ಚೂರು ಮಾಡುತ್ತಾನೆ. ದಾಸಿಮಯ್ಯನ ಮುಖ ಬಾಡುವುದಿಲ್ಲ. ಚಿಕ್ಕವಳಿದ್ದಾಗ ಈ ಕತೆ ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಹರಿಯುವ ಬಟ್ಟೆಗೆ ಕಂಡಿಕೆ ಸುತ್ತಿದವರು ಯಾರು ಎಂದು ಕೇಳಬೇಕೆನಿಸುತ್ತಿತ್ತು. ಈಗ ಕತೆಯ ನ್ಯಾಯ ಕಾಣುತ್ತದೆ. ದಾಸಿಮಯ್ಯನಿಗೆ ತಾನು ಏನು ಕೊಡುತ್ತಿದ್ದೇನೆ, ಯಾರಿಗೆ ಕೊಡುತ್ತಿದ್ದೇನೆ ಎಂಬುದು ಗೊತ್ತಿತ್ತು. ಬಟ್ಟೆ ಅವನದು, ಕೈ ಅವನದು, ಮನಸ್ಸು ಅವನದು. ಬೇಡವೆನ್ನುವ ಹಕ್ಕಿದ್ದವನು ಹೂಂ ಎಂದ, ಅದಕ್ಕೇ ಅದು ದಾಸೋಹ.

ಗೊತ್ತಿದ್ದು ಕೊಡುವುದಕ್ಕೂ ಗೊತ್ತಿಲ್ಲದೆ ಕೊಡುವುದಕ್ಕೂ ಇರುವ ಈ ಅಂತರ ವಾಪಸಾತಿಯ ವಿಷಯದಲ್ಲಿ ಇನ್ನೂ ತೀಕ್ಷ್ಣವಾಗಿ ಕಾಣುತ್ತದೆ. ಮನೆಗೆ ಬಂದ ಮೇಲೆ ಹಣ ಕೊಡುತ್ತೇನೆಂದು ಸೀರೆ ತರಿಸಿ, ಬಾಗಿಲಲ್ಲಿ ಬೇಡವೆಂದರೆ ಹೋದ ದಾರಿಯ ಬಾಡಿಗೆ, ಬಂದ ದಾರಿಯ ಬಾಡಿಗೆ ಎರಡೂ ಮಾರುವವಳ ತಲೆಗೆ. ಮದುವೆ ಮನೆಯಲ್ಲಿ ಒಂದು ದಿನ ಉಟ್ಟು, ಅರಿಸಿನದ ಕಲೆಯೊಂದಿಗೆ ತಿರುಗಿ ಕಳಿಸುವವರೂ ಇದ್ದಾರೆಂದು ಈ ವ್ಯಾಪಾರದಲ್ಲಿ ಇರುವವರು ಹೇಳುತ್ತಾರೆ. ಹಾಗೆ ಕಳಿಸುವ ಹೆಣ್ಣುಮಗಳು ಕೆಟ್ಟವಳೆಂದು ನನಗೆ ಅನಿಸುವುದಿಲ್ಲ. ಅವಳ ಕಣ್ಣೆದುರು ಯಾರೂ ಇಲ್ಲ. ಇರುವುದು ಒಂದು ಗುಂಡಿ, ಅದರ ಮೇಲೆ ಸುಲಭ ವಾಪಸಾತಿ ಎಂಬ ಬರಹ. ಎದುರಿಗೆ ಮನುಷ್ಯರನ್ನು ಇಡದ ವ್ಯಾಪಾರ ಒಳ್ಳೆಯವರ ಕೈಯಿಂದಲೂ ನೋಯಿಸುವ ಕೆಲಸ ಮಾಡಿಸುತ್ತದೆ. ಕೊಂಡಿ ಹಾಕಿ ಜೋಡಿಸಿದವನ ಕೈ ಆ ಪುಟದಲ್ಲಿ ಕಂಡಿದ್ದರೆ ಅವಳು ಆ ಗುಂಡಿ ಒತ್ತುವ ಮುಂಚೆ ಒಂದು ಗಳಿಗೆ ನಿಲ್ಲುತ್ತಿದ್ದಳೆಂದು ನಾನು ನಂಬುತ್ತೇನೆ. ನೇಯ್ಗೆಯ ತಪ್ಪಿದ್ದರೆ ಎರಡೂ ದಾರಿಯ ಬಾಡಿಗೆ ನಮ್ಮದು, ಮನಸ್ಸು ಬದಲಾದರೆ ತಿರುಗಿ ಕಳಿಸುವ ಬಾಡಿಗೆ ನಿಮ್ಮದು, ಉಟ್ಟದ್ದನ್ನು ತಗೊಳ್ಳುವುದಿಲ್ಲ ಎಂದು ಮೂರು ಸಾಲು ಬರೆದೆವು.

ಕಳಿಸುವ ಖರ್ಚನ್ನು ಬಿಡಿಸಿ ಬರೆಯುವ ವಿಷಯದಲ್ಲಿ ಕಾನೂನು ನನ್ನ ಕಡೆಗಿದೆ ಎಂದು ಆಮೇಲೆ ತಿಳಿಯಿತು. 2020ರಲ್ಲಿ ಬಂದ ಗ್ರಾಹಕ ರಕ್ಷಣೆಯ ಇ-ವಾಣಿಜ್ಯ ನಿಯಮಗಳು ಒಟ್ಟು ಬೆಲೆಯನ್ನು ಒಂದು ಸಂಖ್ಯೆಯಲ್ಲಿ ತೋರಿಸಿ, ಕಳಿಸುವ ಖರ್ಚು, ತೆರಿಗೆ ಎಲ್ಲವನ್ನೂ ಬಿಡಿಸಿಯೂ ತೋರಿಸಬೇಕೆನ್ನುತ್ತವೆ. ಮೊದಲು ಕಡಿಮೆ ಬೆಲೆ ಹೇಳಿ ಕೊನೆಯ ಹಂತದಲ್ಲಿ ಒಂದೊಂದೇ ಶುಲ್ಕ ಹೊರತೆಗೆಯುವುದು, ಈಗ ಕೊಳ್ಳದಿದ್ದರೆ ಸಿಗುವುದಿಲ್ಲವೆಂದು ಸುಳ್ಳು ಅವಸರ ಹುಟ್ಟಿಸುವುದು, ಇಂಥ 13 ಬಗೆಯ ಜಾಲಗಳನ್ನು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೆಸರಿಸಿ ನಿಷೇಧಿಸಿದೆ. ಒಳ್ಳೆಯದೇ. ಆದರೆ ಕಾನೂನು ಕೊಳ್ಳುವವರ ಕಡೆಯ ತಟ್ಟೆಯನ್ನಷ್ಟೇ ಕಾಯುತ್ತದೆ. ಮಜೂರಿ ಎಷ್ಟೆಂದು ಬರೆಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಕಾನೂನು ನಿಲ್ಲುವ ಆ ಜಾಗದಿಂದಲೇ ನನ್ನ ಪ್ರಶ್ನೆ ಶುರು.

ಇನ್ನೊಂದು ಸುಳ್ಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ಎಲ್ಲರಿಗೂ ಕಾಣುವಂಥದ್ದು. ಪವರ್‌ಲೂಮಿನಲ್ಲಿ ನೇಯ್ದ ಸೀರೆಗೆ ಕೈಮಗ್ಗದ ಹೆಸರು ಅಂಟಿಸುವುದು. ಇಳಕಲ್ಲ ಸೀರೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ, ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಇದೆ, 2006ರಿಂದ ಕೈಮಗ್ಗದ ಮುದ್ರೆಯೂ ಇದೆ. ಆದರೂ ಫೋನಿನ ಪರದೆಯ ಮೇಲೆ ಎರಡೂ ಒಂದೇ ಥರ ಹೊಳೆಯುತ್ತವೆ. ಸೀರೆಯನ್ನು ತಿರುವಿ, ಸೆರಗು ಒಡಲಿಗೆ ಕೂಡುವ ಕಡೆ ಕೊಂಡಿಯ ಸಾಲಿದೆಯೇ ಎಂದು ಬೆರಳಾಡಿಸಿ ನೋಡಿದರೆ ತಿಳಿಯುತ್ತದೆ, ಪರದೆಯಲ್ಲಿ ಬೆರಳಾಡಿಸಲಾಗದು. ಜೈನರ ತತ್ತ್ವಾರ್ಥಸೂತ್ರ ಅಚೌರ್ಯ ವ್ರತಕ್ಕೆ ತಗಲುವ ದೋಷಗಳನ್ನು ಎಣಿಸುವಾಗ ತೂಕದ ಮೋಸದ ಜೊತೆಗೆ, ಅಸಲಿಯ ಹೆಸರಿನಲ್ಲಿ ನಕಲಿ ಮಾರುವುದನ್ನೂ ಸೇರಿಸುತ್ತದೆ. ಅಂದರೆ ಅದು ಸುಳ್ಳಿಗಿಂತ ಮೊದಲು ಕಳ್ಳತನ. ಯಾರಿಂದ ಕದ್ದದ್ದು? ಕೊಂಡವರ ಹಣ ಒಂದು ಕಡೆ, ಕೊಂಡಿ ಹಾಕುವವನ ಹೆಸರು ಇನ್ನೊಂದು ಕಡೆ. ನಮ್ಮ ಅಂಗಡಿಯಲ್ಲಿ ಪ್ರತಿ ಸೀರೆಯ ಹಿಂಬದಿಯ ಕೊಂಡಿಯ ಫೋಟೊ ಹಾಕಬೇಕೆಂದು ಹೇಳಿದೆ, ಅಣ್ಣನ ಮಗಳು ಕೂಡಲೇ ಒಪ್ಪಿದಳು.

ಜಾಹೀರಾತಿನ 350 ರೂಪಾಯಿ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮೂರು ದಿನ ಕೂತು ನೇಯ್ದವನಿಗೆ 800, ಆ ಸೀರೆಯನ್ನು ಒಂದು ಕ್ಷಣ ಪರದೆಯ ಮೇಲೆ ಹಾಯಿಸಿದ್ದಕ್ಕೆ 350. ಹಣದ ಪ್ರಶ್ನೆ ಹಾಗಿರಲಿ, ಅದರ ಕೆಲಸ ಏನು ಎಂಬುದು ದೊಡ್ಡ ಪ್ರಶ್ನೆ. ಸೀರೆ ಬೇಕೆಂದು ಹುಡುಕುವವಳಿಗೆ ಇಲ್ಲಿದೆ ನೋಡು ಎಂದು ತೋರಿಸುವುದು ಬೇರೆ. ಬೇಡದೆ ಇದ್ದವಳಿಗೆ ಬೇಕೆನಿಸುವಂತೆ ಮಾಡುವುದು, ಇನ್ನೆರಡೇ ಉಳಿದಿವೆ ಎಂದು ಎದೆಬಡಿತ ಏರಿಸುವುದು ಬೇರೆ. ನಮ್ಮೂರಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದವರು. ಕುಡಿತ, ಗುಟ್ಕಾ, ಜೂಜು, ಯಾವುದಿದೆಯೋ ಅದನ್ನು ಜೋಳಿಗೆಗೆ ಹಾಕಿ ಎಂದು ಕೇಳಿದವರು. ಆ ಜೋಳಿಗೆ ತಿರುಗಿದ ಓಣಿಗಳಲ್ಲಿ ಕೂತು, ಹಣ ಕೊಟ್ಟು ಕಾಣದ ಊರಿನ ಹೆಣ್ಣುಮಕ್ಕಳಲ್ಲಿ ಹೊಸ ಚಟವೊಂದನ್ನು ಬಿತ್ತಲು ನನಗೆ ಮನಸ್ಸು ಬರಲಿಲ್ಲ. ಅವಳ ವಾದಕ್ಕೂ ತೂಕವಿತ್ತು: "ಯಾರಿಗೂ ಗೊತ್ತಿಲ್ಲದಂಗ ಮೂಲ್ಯಾಗ ಕುಂತ್ರ ಮಗ್ಗ ನಡೀತೈತೇನ್ ಅತ್ಯಾ?" ಹುಡುಕಿದವರಿಗೆ ಮಾತ್ರ ಕಾಣುವ ಜಾಹೀರಾತು ಸಾಕು, ಸೀರೆಗೆ 100 ದಾಟಬಾರದು, ಅವಸರದ ಮಾತು ಬೇಡ ಎಂಬಲ್ಲಿಗೆ ಇಬ್ಬರೂ ಬಂದೆವು.

ಇದರಿಂದ ಮಾರಾಟ ಕುಗ್ಗುತ್ತದೆ. ಇಪ್ಪತ್ತರ ಜಾಗದಲ್ಲಿ ಹನ್ನೆರಡು ಎಂದು ನಾನು ಲೆಕ್ಕ ಹಾಕಿದೆ. ಆಗ ಎಲ್ಲರೂ ಹೇಳುವ ಮಾತೊಂದಿದೆ, ಇದ್ದದ್ದರಲ್ಲಿ ತೃಪ್ತಿಪಡಬೇಕು ಎಂದು. ಅದಕ್ಕೆ ಆಯ್ದಕ್ಕಿ ಲಕ್ಕಮ್ಮನನ್ನು ಸಾಕ್ಷಿಗೆ ಕರೆಯುತ್ತಾರೆ. ಲಿಂಗಸುಗೂರಿನ ಬಳಿಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿ. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ನಮ್ಮ ಅಳತೆಗೆ ಮೀರಿದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು. ಈ ಕತೆ ನನ್ನ ಪಾಲಿಗೆ ದೊಡ್ಡದು. ಆದರೆ ಇದನ್ನು ನೇಕಾರನ ಮುಂದೆ ಹೇಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2019-20ರಲ್ಲಿ ನಡೆದ ದೇಶದ ನಾಲ್ಕನೇ ಕೈಮಗ್ಗ ಗಣತಿ ಸುಮಾರು ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ ಎಂದು ತೋರಿಸಿತು. ಆ ಮನೆಗಳಿಗೆ ಸಾಕು ಎನ್ನುವುದನ್ನು ಕಲಿಸಲು ನಾವು ಯಾರು? ಲಕ್ಕಮ್ಮ ಆ ಮಾತನ್ನು ತನ್ನ ಗಂಡನಿಗೆ ಹೇಳಿದಳು, ತನ್ನ ಮನೆಯ ಮೊರಕ್ಕೆ ಬಿದ್ದ ಅಕ್ಕಿಯ ಬಗ್ಗೆ ಹೇಳಿದಳು. ಮಿತಿ ಎಂಬುದು ತನಗೆ ತಾನು ಹಾಕಿಕೊಂಡಾಗ ಧರ್ಮ, ಇನ್ನೊಬ್ಬರ ತಟ್ಟೆಗೆ ಹಾಕಿದಾಗ ದಬ್ಬಾಳಿಕೆ. ನಮ್ಮ ಅಂಗಡಿಯಲ್ಲಿ ಮಿತಿ ಹಾಕಿಕೊಳ್ಳಬೇಕಾದ ಸಾಲು ಅಂಗಡಿಯವಳದು, ಮಜೂರಿಯದಲ್ಲ. ಇದನ್ನು ಅಣ್ಣನ ಮಗಳಿಗೆ ಹೇಳುವುದು ನನಗೆ ಸುಲಭವಾಗಲಿಲ್ಲ, ಏಕೆಂದರೆ ಅವಳೂ ಮಗ್ಗದ ಮನೆಯವಳೇ.

ಪಟ್ಟಿ ಮುಗಿಯಿತು ಎಂದುಕೊಂಡಾಗ ಅದರಲ್ಲಿ ಕಂಡಿಕೆಯ ಸಾಲೇ ಇಲ್ಲವೆಂಬುದು ಕಣ್ಣಿಗೆ ಬಿತ್ತು. ನೂಲು ಬಿಚ್ಚುವುದು, ಕಂಡಿಕೆ ಸುತ್ತುವುದು, ಹಾಸು ಹೂಡುವಾಗ ಕೈ ಕೊಡುವುದು, ಇದೆಲ್ಲ ಅಣ್ಣನ ಹೆಂಡತಿ ವೈನಿಯ ಕೆಲಸ, ಓಣಿಯ ಎಲ್ಲ ಮನೆಗಳಲ್ಲೂ ಹೆಂಗಸರ ಕೆಲಸ. ಕಂಡಿಕೆ ಇಲ್ಲದೆ ಲಾಳಿ ಓಡದು. ಆದರೆ ಮಜೂರಿ ಎಂದು ಬರುವುದು ಮಗ್ಗದಲ್ಲಿ ಕೂತವನ ಹೆಸರಿನಲ್ಲಿ. ಕಳಿಸುವುದು ಫ್ರೀ ಎನ್ನಬಾರದೆಂದು ಇಷ್ಟು ವಾದಿಸಿದ ಮೇಲೆ, ನಮ್ಮ ಮನೆಯೊಳಗೇ ಹಿಂದಿನಿಂದಲೂ ಫ್ರೀ ಆಗಿ ನಡೆದುಬಂದ ಈ ಕೆಲಸವನ್ನು ಬಿಟ್ಟು ಲೆಕ್ಕ ಮುಚ್ಚುವುದು ನನ್ನಿಂದಾಗಲಿಲ್ಲ. ಸೀರೆಗೆ 180 ಎಂದು ಬರೆದೆ. ವೈನಿ ಬೇಸರಪಟ್ಟಳು: "ಮನಿಯಾಗಿನ ಕೆಲಸಕ್ಕ ರೊಕ್ಕ ಹೆಂಗ ಹಚ್ಚತೀರಿ? ನನ್ನ ಗಂಡಗ ಮಾಡಿದ್ದಕ್ಕ ನಾ ಕೂಲಿ ಇಸ್ಕೋಬೇಕೇನ್ರಿ?" ಅವಳ ಮಾತಿನಲ್ಲಿ ಪ್ರೀತಿಯಿದೆ, ಅದನ್ನು ನಾನು ತುಳಿಯಲಾರೆ. ಆದರೆ ಪ್ರೀತಿಯಿಂದ ಕೊಟ್ಟದ್ದನ್ನು ಗಂಡ ಪಡೆಯಲಿ, ಮುಂಬಯಿಯಲ್ಲೋ ಪುಣೆಯಲ್ಲೋ ಸೀರೆ ಕೊಳ್ಳುವವರು ಏಕೆ ಪುಕ್ಕಟೆ ಪಡೆಯಬೇಕು? ಹೀಗೆ ಕೇಳಿದಾಗ ಅವಳು ಸುಮ್ಮನಾಗಿ, ಆಮೇಲೆ ಆ ಹಣವನ್ನು ತನ್ನ ಹೆಸರಿನ ಖಾತೆಗೇ ಹಾಕಬೇಕೆಂದು ಕೇಳಿದಳು. ಹಾಗೆಯೇ ಬರೆದೆವು.

ಲೆಕ್ಕ ಈಗ ಹೀಗಿದೆ. ಗಿರಾಕಿಗೆ ಅದೇ 3,200. ಜಾಹೀರಾತು 350ರಿಂದ 100ಕ್ಕೆ ಇಳಿದಿದೆ, ಕಂಡಿಕೆ, ಹಾಸುಗಳ ಕೆಲಸಕ್ಕೆ 180 ಸೇರಿದೆ. ಹನ್ನೆರಡೇ ಸೀರೆ ಹೋದರೆ ಸಾಫ್ಟ್‌ವೇರ್ ಬಾಡಿಗೆ, ವೆಬ್ ವಿಳಾಸ, ರಿಟರ್ನ್ ಖರ್ಚಿನ ಪಾಲು ಸೀರೆಗೆ 145ರಿಂದ 242ಕ್ಕೆ ಏರುತ್ತದೆ. ಅವಳಿಗೆ ಸೀರೆಯೊಂದಕ್ಕೆ 306 ಉಳಿಯುತ್ತದೆ. ತಿಂಗಳಿಗೆ 6,660 ಸಿಗಬೇಕಾಗಿದ್ದ ಜಾಗದಲ್ಲಿ 3,672. ಸತ್ಯಕ್ಕೆ ಖರ್ಚಿಲ್ಲ ಎಂದು ಹೇಳುವವರಿಗೆ ಈ ಎರಡು ಸಂಖ್ಯೆ ತೋರಿಸಬಲ್ಲೆ. 1935ರಲ್ಲಿ ಗಾಂಧೀಜಿ ಖಾದಿಯ ವಿಷಯದಲ್ಲಿ ಇಂಥದೇ ಇಕ್ಕಟ್ಟನ್ನು ಎದುರಿಸಿದ್ದರು. ನೂಲುವ ಹೆಂಗಸರ ಕೂಲಿ ಹೊಟ್ಟೆ ತುಂಬುವಷ್ಟು ಇರಬೇಕು, ಬೆಲೆ ಏರಿದರೆ ಏರಲಿ ಎಂದು ಅವರು ಪಟ್ಟು ಹಿಡಿದರು. ಎಂಟು ಗಂಟೆಯ ಕೆಲಸಕ್ಕೆ ಎಂಟಾಣೆ ಸಿಗಬೇಕೆಂಬುದು ಅವರ ಗುರಿಯಾಗಿತ್ತು. ಖಾದಿ ಅಗ್ಗವಾದರೆ ಮಾತ್ರ ಹಬ್ಬೀತು ಎನ್ನುವವರು ಅವರ ಸುತ್ತಲೇ ಇದ್ದರು. ಆ ವಾದ ಇನ್ನೂ ಮುಗಿದಿಲ್ಲ, ನಮ್ಮ ನೋಟ್‌ಬುಕ್ಕಿನ ಪುಟಕ್ಕೂ ಬಂದಿದೆ ಅಷ್ಟೇ.

ಪ್ರತಿ ಸೀರೆಯ ಕೆಳಗೆ ನೂಲು ಇಷ್ಟು, ಮಜೂರಿ ಇಷ್ಟು, ಕಂಡಿಕೆ ಇಷ್ಟು, ಕಳಿಸುವುದು ಇಷ್ಟು, ಅಂಗಡಿಗೆ ಇಷ್ಟು ಎಂದು ಬರೆಯುವುದೆಂದು ಗಟ್ಟಿಮಾಡಿಕೊಂಡು ಓಣಿಯ ಮಗ್ಗದ ಮನೆಗಳಿಗೆ ಹೋದೆವು. ಅಲ್ಲಿ ನಾನು ಎಣಿಸದ ಮಾತು ಕೇಳಿತು. ಒಬ್ಬ ನೇಕಾರ, ನನ್ನ ಹತ್ತಿರವೇ ಕಲಿತವನು, ಕೈಮುಗಿದು ಬೇಡವೆಂದ. "ಟೀಚರ್, ನಿಮಗ ತಿಂಗಳಿಗೆ ಒಂದು ಸೀರಿ ಕೊಡ್ತೀನಿ. ಉಳಿದವೆಲ್ಲ ಸಾವಕಾರಗ ಹೋಗ್ತಾವ್ರಿ. ನೀವು ಕೊಡೂ ಮಜೂರಿ ಅಲ್ಲಿ ಬರದ್ರ ಅವರ ಕಣ್ಣಿಗೆ ಬೀಳೂದಿಲ್ಲೇನ್ರಿ? ನಾಳೆ ನೂಲು ಕೊಡಲಿಲ್ಲಂದ್ರ ನಾ ಎಲ್ಲಿಗೆ ಹೋಗಲಿ?"

ಸತ್ಯ ಹೇಳುವುದು ನಮ್ಮ ಕೈಯಲ್ಲಿದೆ ಎಂದುಕೊಂಡಿದ್ದೆ. ಅದರ ಬೆಲೆ ತೆರುವವನು ಅವನು. ಮಹಾಭಾರತದಲ್ಲೇ ಕೌಶಿಕನ ಕತೆಯೂ ಇದೆ. ಸತ್ಯವನ್ನೇ ನುಡಿಯುವ ವ್ರತ ಹಿಡಿದ ತಪಸ್ವಿ, ಓಡಿಬಂದು ಅಡಗಿದ ಜನರ ಜಾಗವನ್ನು ಬೆನ್ನಟ್ಟಿ ಬಂದ ಕಳ್ಳರಿಗೆ ಹೇಳಿಬಿಟ್ಟ. ಕಳ್ಳರು ಅವರನ್ನು ಕೊಂದರು. ಆ ಸತ್ಯಕ್ಕಾಗಿಯೇ ಕೌಶಿಕ ನರಕಕ್ಕೆ ಹೋದ. ಅವನ ತಪ್ಪು ತನ್ನ ವ್ರತವನ್ನಷ್ಟೇ ನೋಡಿಕೊಂಡದ್ದು. ತುಲಾಧಾರನನ್ನು ಮಾತ್ರ ಓದಿಕೊಂಡು ಆ ನೇಕಾರನ ಮಜೂರಿ ಬರೆದಿದ್ದರೆ ನಾನೂ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದೆ.

ಈಗ ನಿಯಮ ಬದಲಿಸಿದ್ದೇವೆ. ಮಜೂರಿ ಬರೆಯಲು ಒಪ್ಪಿದ ಮನೆಗಳ ಸೀರೆಗೆ ಬರೆಯುತ್ತೇವೆ. ಒಪ್ಪದವರ ಸೀರೆಗೆ, ನೇಯ್ದವರು ಬಯಸಿದ್ದರಿಂದ ಮಜೂರಿ ತೋರಿಸಿಲ್ಲ, ಆದರೆ ಎಲ್ಲ ಮಗ್ಗಗಳಿಗೂ ಒಂದೇ ದರ ಎಂದು ಹಾಕುತ್ತೇವೆ. ಇಷ್ಟರಿಂದಲೇ ಜಾಣನಾದ ಸಾವಕಾರನಿಗೆ ಎಲ್ಲವೂ ತಿಳಿದುಬಿಡಬಹುದಲ್ಲ ಎಂದು ಅಣ್ಣ ಎತ್ತಿ ತೋರಿಸಿದ್ದಾನೆ. ಅವನ ಮಾತು ಸರಿ. ಒಂದೇ ದರ ಎಂಬ ಸಾಲನ್ನು ಇಡಬೇಕೋ ತೆಗೆಯಬೇಕೋ ಎಂಬುದನ್ನು ಆ ನೇಕಾರನನ್ನೇ ಕೂರಿಸಿಕೊಂಡು ತೀರ್ಮಾನಿಸಬೇಕು. ಬರುವ ಸೋಮವಾರ ಅವನಿಗೆ ಮಗ್ಗದಿಂದ ಬಿಡುವಿದೆಯಂತೆ, ಬರುತ್ತೇನೆಂದಿದ್ದಾನೆ.